ಇವತ್ತು ಏನು ಪಲ್ಯ?

ನಾನು ಭಾರಿ ಉದಾರಿ ಗಂಡ ಎಂದು ಮೂವತ್ತನಾಲ್ಕು ವರ್ಷ ನಂಬಿಕೊಂಡಿದ್ದೆ. ಆಧಾರವಿಲ್ಲದೆ ನಂಬಿದ್ದಲ್ಲ. ಬೆಳಗಿನ ಚಹಾ ಕೈಗಿಡುತ್ತ ನನ್ನ ಹೆಂಡತಿ ಸರೋಜಾ, "ಏನ್ ಪಲ್ಯ ಮಾಡ್ಲಿರಿ ಇವತ್ತ?" ಎಂದು ಕೇಳುತ್ತಿದ್ದಳು. ನಾನು ಪೇಪರಿನಿಂದ ಕಣ್ಣೆತ್ತದೆ, "ಏನರೆ ಮಾಡು" ಅನ್ನುತ್ತಿದ್ದೆ. ಅದೇ ಬೇಕು, ಇದೇ ಬೇಕು ಎಂದು ತಟ್ಟೆ ಕುಟ್ಟುವ ಗಂಡಸರನ್ನು ನಾನು ಕಂಡಿದ್ದೇನೆ. ನಾನು ಆ ಪೈಕಿ ಅಲ್ಲ. ಏನಾದರೂ ಮಾಡಲಿ, ಹಾಗಲಕಾಯಿ ಬಡಿಸಿದರೂ ಮುಖ ಹಿಂಡದೆ ಉಣ್ಣುವವನು. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು, ಅವಳ ಪರವಾಗಿ ನಾನೇ ಎಷ್ಟೋ ಸಲ ಅಂದುಕೊಂಡದ್ದುಂಟು.

ಹೋದ ವರ್ಷ ನಮ್ಮ ಮದುವೆಯಾದ ದಿನ ಬಂತು. ಆಗಷ್ಟೇ ನಿವೃತ್ತನಾಗಿದ್ದೆ, ಮನಸ್ಸು ಧಾರಾಳವಾಗಿತ್ತು. "ಏನ್ ಬೇಕ ಕೇಳು" ಅಂದೆ. ಸೀರೆ ಅನ್ನುತ್ತಾಳೆ ಎಂದುಕೊಂಡಿದ್ದೆ.

"ಒಂದ್ ತಿಂಗಳ ಏನ್ ಪಲ್ಯ ಅನ್ನೂದು ನೀವ ಹೇಳ್ರಿ. ಹೆಚ್ಚೂದು, ಒಗ್ಗರಣಿ ಹಾಕೂದು ಎಲ್ಲಾ ನಾನ ಮಾಡ್ತೀನಿ. ಆ ಯೋಚನಿ ಒಂದ ನನಗ ಬ್ಯಾಡ. ಆದ್ರ ನನ್ನ ಒಮ್ಮೆನೂ ಕೇಳಂಗಿಲ್ಲ" ಅಂದಳು.

ನನಗೆ ನಗು ಬಂತು. ಇಷ್ಟೇನಾ! ಇದೇ ಹೈದರಾಬಾದಿನ ಸರಕಾರಿ ಕಾರ್ಖಾನೆಯೊಂದರ ಯೋಜನಾ ವಿಭಾಗದಲ್ಲಿ, ಯಾವ ಬಿಡಿಭಾಗ ಯಾವ ವಾರ ಯಾವ ಯಂತ್ರಕ್ಕೆ ಹೋಗಬೇಕೆಂದು ಬರೆದು ಬರೆದೇ ಕೂದಲು ಬಿಳಿ ಮಾಡಿಕೊಂಡವನು ನಾನು. ಮೂರು ಜನರ ಮನೆಗೆ, ಅಂದರೆ ನಾವಿಬ್ಬರು ಮತ್ತು ನನ್ನ ಅವ್ವ, ದಿನಕ್ಕೊಂದು ಪಲ್ಯ ಹೇಳುವುದು ಯಾವ ಮಹಾ ಕೆಲಸ? ಅಂದು ಮಧ್ಯಾಹ್ನವೇ ಸ್ಕೇಲು ಹಿಡಿದು ಗೆರೆ ಎಳೆದು ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಭಾನುವಾರ ಸಂತೆ. ಸೋಮವಾರ ಕುಂಬಳಕಾಯಿ, ಮಂಗಳವಾರ ಬೀನ್ಸ್, ಬುಧವಾರ ಬದನೆಕಾಯಿ, ಹೀಗೇ ಸಾಗಿ ಶನಿವಾರಕ್ಕೆ ಮೆಂತ್ಯ. ಸರೋಜಾ ಪಟ್ಟಿ ಓದಿದಳು. ಶನಿವಾರದ ಹತ್ತಿರ ಒಂದು ಕ್ಷಣ ನಿಂತು, ಒಳಗೆ ಹೋದಳು.

ಶನಿವಾರ ಫ್ರಿಜ್ಜು ತೆರೆದಾಗ ಮೆಂತ್ಯ ಹಳದಿಯಾಗಿ ಮಲಗಿತ್ತು. ಹತ್ತು ದಿನ ತಡೆಯುವ ಕುಂಬಳಕಾಯಿಯನ್ನು ಮೊದಲ ದಿನವೇ ಮುಗಿಸಿ, ಎರಡು ದಿನವೂ ತಡೆಯದ ಸೊಪ್ಪನ್ನು ವಾರದ ಕೊನೆಗೆ ಇಟ್ಟಿದ್ದೆ. ನನ್ನ ಕೈಯಲ್ಲಿ ಆಡಿದ್ದು ಬರೀ ಉಕ್ಕು. ಉಕ್ಕು ಬಾಡುವುದಿಲ್ಲ. ಸರೋಜಾ ಹಸಿರು ಉಳಿದ ಎಲೆಗಳನ್ನಷ್ಟೇ ಆರಿಸಿ, ಕಡಲೆಹಿಟ್ಟು ಕದಡಿ ಜುಣಕ ಮಾಡಿದಳು. ಅದು ರುಚಿಯಾಗಿತ್ತು. ಅದರಿಂದಲೇ ನನಗೆ ಹೆಚ್ಚು ಬೇಜಾರಾಯಿತು.

ಎರಡನೆಯ ವಾರ ಸೊಪ್ಪನ್ನು ಮುಂದಕ್ಕೆ ತಂದೆ. ಆಗ ಅವ್ವನ ಕಾನೂನುಗಳು ಎದ್ದವು. ಸೋಮವಾರ ಅವಳಿಗೆ ಉಳ್ಳಾಗಡ್ಡಿ ನಡೆಯದು. ಚವಳಿಕಾಯಿ ಅಗಿಯಲು ಹಲ್ಲಿಲ್ಲ. ಬದನೆಕಾಯಿ ವಾಯು. (ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಪಕ್ಕದ ಮನೆಯವರು ಎಣಗಾಯಿ ಕೊಟ್ಟ ದಿನ ಮಾತ್ರ ವಾಯು ರಜೆ ಹಾಕುತ್ತದೆ.) ಮೇಲಾಗಿ ಪಲ್ಯ ಎಂಬುದು ಒಂಟಿ ಪ್ರಾಣಿಯಲ್ಲ. ರೊಟ್ಟಿಗಾದರೆ ಸ್ವಲ್ಪ ರಸ ಬೇಕು. ಸಾರು ತೆಳ್ಳಗಿದ್ದ ದಿನ ಅದು ಗಟ್ಟಿಯಾಗಿರಬೇಕು. ನಿನ್ನೆಯದು ಅರ್ಧ ಬಟ್ಟಲು ಉಳಿದಿದ್ದರೆ ಅದರ ಮಾನವನ್ನೂ ಕಾಯಬೇಕು. ನಮ್ಮ ಪಾಕಶಾಸ್ತ್ರದವರು ಹೇಗೆ ಮಾಡಬೇಕೆಂದು ಬೇಕಾದಷ್ಟು ಹೇಳಿದ್ದಾರೆ, ಇವತ್ತು ಯಾವುದು ಎಂದು ಹೇಳಿದವರನ್ನು ನಾನು ಕಾಣೆ. ಮೊಬೈಲಿನಲ್ಲಿ 'ಐದೇ ನಿಮಿಷದ ಪಲ್ಯ' ತೋರಿಸುತ್ತಾರೆ. ಸುಳ್ಳಲ್ಲ. ಹೀರೇಕಾಯಿ ಹೆಚ್ಚಿ, ಸಾಸಿವೆ ಸಿಡಿಸಿ, ಹಸಿಮೆಣಸಿನಕಾಯಿ ಹಾಕಿ ಮುಚ್ಚಿಟ್ಟು, ಮೇಲೆ ಶೇಂಗಾಪುಡಿ ಉದುರಿಸಿದರೆ ಮುಗಿಯಿತು. ಆದರೆ ಹೀರೇಕಾಯಿ ಎಂದು ತಲೆಗೆ ಹೊಳೆಯಲು ತಗಲುವ ಹೊತ್ತನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂರನೆಯ ವಾರದ ಹೊತ್ತಿಗೆ ಪಟ್ಟಿ ಕಿತ್ತು ಬಿಸಾಕಿದ್ದೆ. ಒಂದು ಬೆಳಗ್ಗೆ ನಾರಾಯಣಗೂಡದ ನಮ್ಮ ಗಲ್ಲಿಯ ತುದಿಯಲ್ಲಿ ತರಕಾರಿ ಬಂಡಿಯ ಯಾದಮ್ಮನ ಮುಂದೆ ನಿಂತೆ. "ಏಂ ಗಾವಾಲೆ ಸಾರ್?" ಎಂದಳು. ಏನು ಬೇಕು? ಬೆಂಡಿ ಮೊನ್ನೆಯಾಯಿತು, ತೊಂಡೆ ನಿನ್ನೆಯಾಯಿತು, ಹೂಕೋಸಿಗೆ ಅವ್ವ ಒಲ್ಲೆ ಅಂತಾಳೆ. ನನ್ನ ಮುಖ ನೋಡಿ ಯಾದಮ್ಮನಿಗೇ ಮರುಕ ಬಂತು. "ಅಮ್ಮಕು ಫೋನ್ ಚೇಯಿ ಸಾರ್" ಅಂದಳು, ಸರೋಜಾಳಿಗೆ ಫೋನ್ ಮಾಡಿ ಕೇಳು ಎಂದು. ಕೈ ಜೇಬಿಗೆ ಹೋಗಿಯೂ ಹೋಯಿತು. ಆದರೆ ಕೊಟ್ಟ ಮಾತು. ಖಾಲಿ ಚೀಲ ಹಿಡಿದು ಮನೆಗೆ ಬಂದೆ.

ಸರೋಜಾಳನ್ನು ಕೇಳುವಂತಿಲ್ಲ, ಅವ್ವನನ್ನು ಕೇಳಬಾರದೆಂದು ಯಾರೂ ಹೇಳಿಲ್ಲವಲ್ಲ! ಹೂಬತ್ತಿ ಹೊಸೆಯುತ್ತ ಕೂತಿದ್ದವಳ ಮುಂದೆ ಕೂತೆ. "ಅವ್ವಾ, ಇವತ್ತ ಏನ್ ಪಲ್ಯ ಮಾಡಸ್ಲಿ?"

ಅವ್ವ ತಲೆ ಎತ್ತಲಿಲ್ಲ. "ಏನರೆ ಮಾಡಸಪಾ" ಅಂದಳು.

ಸಿಟ್ಟು ನೆತ್ತಿಗೇರಿತು ನೋಡಿ. "ಏನರೆ ಅಂದ್ರ ಯಾವ ಕಾಯಿಪಲ್ಲೆ ಅವ್ವಾ? ಬಜಾರದಾಗ ಏನರೆ ಅಂತ ಒಂದ್ ಸಿಗತೈತೇನು?" ಎಂದು ಕೂಗಿಬಿಟ್ಟೆ.

ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು. ಸರೋಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಸಿಗೂದಿಲ್ರಿ. ನಾನೂ ಭಾಳ ವರ್ಷ ಹುಡಿಕೀನಿ" ಅಂದಳು.

ನನಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಆಗಬಾರದಷ್ಟು ಆಯಿತು. ಉದಾರತನವೆಂದು ದಿನವೂ ಕೊಟ್ಟದ್ದು, ಅವಳ ತಲೆಯ ಮೇಲೆ ಇಟ್ಟ ಹೊರೆಯಾಗಿತ್ತು. ಎದ್ದು ಹೋಗಿ ಯಾದಮ್ಮನ ಬಂಡಿಯಲ್ಲಿ ಕಣ್ಣಿಗೆ ಬಿದ್ದ ಮೊದಲ ಎಲೆಕೋಸನ್ನು ತಂದೆ. ಉಳಿದ ದಿನಗಳನ್ನೂ ಹಾಗೇ, ಯಾರನ್ನೂ ಕೇಳದೆ ದಾಟಿಸಿದೆ. ಒಮ್ಮೆ ಒಂದೇ ವಾರದಲ್ಲಿ ಮೂರು ಸಲ ಎಲೆಕೋಸಾಯಿತು. ಇಬ್ಬರೂ ತುಟಿ ಪಿಟ್ಟೆನ್ನದೆ ಉಂಡರು.

ತಿಂಗಳು ಮುಗಿದ ಮರುದಿನ ಸರೋಜಾ ಚಹಾ ತಂದಿಟ್ಟು ಎಂದಿನಂತೆ ಕೇಳಿದಳು: "ಏನ್ ಪಲ್ಯ ಮಾಡ್ಲಿರಿ?" ಹಳೆಯ ನಾಲಿಗೆ, 'ಏ' ಎಂದು ಆಗಲೇ ಹೊರಟಿತ್ತು. ಹಿಡಿದು ನಿಲ್ಲಿಸಿದೆ. ಪೇಪರು ಮಡಚಿ ಬದಿಗಿಟ್ಟು, ಗಂಟಲು ಸರಿಮಾಡಿಕೊಂಡು, "ಹೀರೇಕಾಯಿ" ಎಂದೆ. ಮೂವತ್ತೈದನೆಯ ವರ್ಷದಲ್ಲಿ ಕೊಟ್ಟ ಮೊದಲ ಸರಿಯಾದ ಉತ್ತರ.

"ಹೀರೀಕಾಯಿ ಮನ್ಯಾಗಿಲ್ಲಲ್ರಿ" ಅಂದಳು, ಬಾಗಿಲ ಹಿಂದಿನ ಚೀಲದ ಕಡೆ ನೋಡುತ್ತ.

ಇಷ್ಟು ವರ್ಷ ನಾನು 'ಏನರೆ ಮಾಡು' ಎನ್ನುತ್ತ ಬಂದದ್ದು ಯಾಕೆಂದು ಆಗ ಪೂರ್ತಿ ಅರ್ಥವಾಯಿತು. ಹೆಸರು ಹೇಳಿದವನೇ ಚೀಲ ಹಿಡಿಯಬೇಕು. ಚಹಾ ಕುಡಿದು, ಚಪ್ಪಲಿ ಮೆಟ್ಟಿ ಹೊರಟೆ.