ಇಸ್ತ್ರಿಪೆಟ್ಟಿಗೆಯ ಮೇಲೆ ಬಂದ ಅಪವಾದ

ಮದುವೆಯಾಗಿ ಬಂದ ದಿನವೇ ಅತ್ತೆ ಸೂರಿನತ್ತ ಬೆರಳು ತೋರಿಸಿ ಸೊಸೆಗೆ ಹೇಳಿದ್ದರು: "ಮೇಲ್ಮನೇಲಿ ಒಬ್ಬ ದರ್ಜಿ ಇದಾಳೆ. ಕತ್ತರಿಗಿಂತ ನಾಲಿಗೆ ಹರಿತ. ಹೊಲಿಯೋಕೆ ಬಟ್ಟೆ ಕೊಡು, ಗುಟ್ಟು ಮಾತ್ರ ಕೊಡಬೇಡ."

ವರ್ಷ ತುಂಬುವುದರೊಳಗೆ ಸೊಸೆ ಎರಡನ್ನೂ ಕೊಟ್ಟಳು. ದರ್ಜಿ ಎರಡನ್ನೂ ಭದ್ರವಾಗಿ ಹೊಲಿದಿಟ್ಟಳು, ಯಾವುದೂ ಬಿಚ್ಚಲಿಲ್ಲ.

ದರ್ಜಿಗೆ ಒಂದು ಅಭ್ಯಾಸ. ಕಾಲರ್, ತೋಳಪಟ್ಟಿಗೆಲ್ಲ ಮೇಜಿನವರೆಗೆ ಎದ್ದು ಹೋಗುವವಳಲ್ಲ. ಬಲತೊಡೆಯ ಮೇಲೆ ದಪ್ಪ ಮೆತ್ತೆ ಇಟ್ಟು ಅಲ್ಲೇ ಇಸ್ತ್ರಿ ಎಳೆಯುವಳು. ಹೀಗಿರಲು ಒಮ್ಮೆ ಅವಳ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ರಕ್ತ ತೆಳುವಾಗಿಸುವ ಮಾತ್ರೆ ಶುರುವಾದ ವಾರದಲ್ಲೇ ತೊಡೆ ಉರಿದು, ಕೆಂಪಾಗಿ, ಕಪ್ಪಿಟ್ಟಿತು. ಮನೆಯವರೆಲ್ಲ ಬೈದದ್ದು ಇಸ್ತ್ರಿಪೆಟ್ಟಿಗೆಯನ್ನು. ಗಂಡ ಅದನ್ನು ಅಟ್ಟಕ್ಕೇರಿಸಿಬಿಟ್ಟ. ದರ್ಜಿ ಸುಟ್ಟಗಾಯದ ಮುಲಾಮು ಬಳಿದುಕೊಂಡು, ಮಾತ್ರೆಯನ್ನೂ ತಪ್ಪದೆ ನುಂಗುತ್ತಿದ್ದಳು.

ಮುಲಾಮು ಹಚ್ಚಲು ಹೋದ ಕೆಳಮನೆಯ ಸೊಸೆ ಹೊದಿಕೆ ಸರಿಸಿ ಬೆಚ್ಚಿದಳು.

"ಅಲ್ವೇ, ನೀನು ಇಸ್ತ್ರಿ ಎಳೆಯೋದು ಬಲತೊಡೆ ಮೇಲೆ. ಎಡದ್ದೂ ಯಾಕೆ ಕಪ್ಪಾಯ್ತು?"

"ಜೋಡಿ ಇರ್ಲಿ ಅಂತ," ಎಂದ ದರ್ಜಿ ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದಳು.

"ಬಾಯ್ಮುಚ್ಚಿ ಏಳು. ಗಾಡಿ ಕರೀತೀನಿ."

ಚರ್ಮದ ಡಾಕ್ಟರಮ್ಮ ಗಾಯ ನೋಡಿದವರೇ ಮೊದಲು ವಿಚಾರಿಸಿದ್ದು ಮಾತ್ರೆಯನ್ನು, ಆಮೇಲೆ ವಂಶವನ್ನು.

"ನಿಮ್ಮ ಕಡೆ ಬೇರೆ ಯಾರಿಗಾದ್ರೂ ಹೀಗೆ ರಕ್ತ ಕಟ್ಟಿತ್ತಾ?"

"ಅಮ್ಮಂಗೆ, ಅಕ್ಕಂಗೆ. ಆಸ್ತಿ ಬರ್ಲಿಲ್ಲ, ಇದು ಬಂತು."

"ಇದು ಸುಟ್ಟಿದ್ದಲ್ಲಮ್ಮ. ರಕ್ತ ಹೆಪ್ಪುಗಟ್ಟದ ಹಾಗೆ ಕಾಯೋ ಒಂದು ಅಂಶ ನಿಮಗೆ ಹುಟ್ಟಿನಿಂದ್ಲೇ ಕಮ್ಮಿ ಇರ್ಬೇಕು. ಈ ಮಾತ್ರೆ ಮೊದಮೊದಲು ಇದ್ದಷ್ಟನ್ನೂ ಇಳಿಸುತ್ತೆ. ಆಗ ಚರ್ಮದ ಸಣ್ಣ ನಾಳಗಳಲ್ಲೇ ರಕ್ತ ಕಟ್ಟಿ, ಚರ್ಮ ಸಾಯುತ್ತೆ. ಸದ್ಯ, ಈಗಲಾದ್ರೂ ಬಂದ್ರಿ. ಮಕ್ಕಳಿಗೂ ಇದು ಬಂದಿರಬಹುದು, ಅವರ ರಕ್ತಾನೂ ಒಮ್ಮೆ ನೋಡಿಸಿ."

ಆ ಮಾತ್ರೆ ನಿಂತಿತು, ಬೇರೆ ಇಂಜೆಕ್ಷನ್ ಶುರುವಾಯಿತು. ಆಮೇಲಿನ ಪರೀಕ್ಷೆಯೂ ಡಾಕ್ಟರಮ್ಮನ ಮಾತನ್ನೇ ನಿಜ ಮಾಡಿತು. ಒಂದು ಕಡೆ ಮಾತ್ರ ಮೈಯ ಬೇರೆ ಭಾಗದ ಚರ್ಮ ತಂದು ಕೂರಿಸಬೇಕಾಯಿತು.

"ನನಗೇ ತೇಪೆ ಹಾಕಿದ್ರು ಕಣೇ! ಹೊಲಿಗೆ ನೋಡು, ಎಷ್ಟು ಸೊಟ್ಟ," ಎಂದು ವಾರ್ಡಿನವರನ್ನೆಲ್ಲ ನಗಿಸಿದಳು.

ಮನೆಗೆ ಬಂದವಳು ಕೆಲವು ವರ್ಷ ಹಾಯಾಗಿ ಹೊಲಿದಳು. ಮಗಳದ್ದೊಂದೇ ಕೊರಗು, ರಕ್ತ ಪರೀಕ್ಷೆಗೆ ಇವತ್ತು, ನಾಳೆ ಎಂದು ಅವಳು ಜಾರಿಕೊಳ್ಳುತ್ತಲೇ ಇದ್ದಳು. ಕಡೆಗೆ ದರ್ಜಿ ಎದೆನೋವಿನಿಂದ ಹಾಸಿಗೆ ಹಿಡಿದಾಗ, ಕೆಳಮನೆಯ ಗೆಳತಿಯ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡು ಕೇಳಿದ್ದು ಅದನ್ನೇ.

"ದರ್ಜಿ ಮಗಳಾಗಿ ಸೂಜಿ ಕಂಡ್ರೆ ಓಡ್ತಾಳಲ್ಲೇ! ಈಗ ಬಸುರಿ ಬೇರೆ, ರಕ್ತ ಕಟ್ಟೋ ಭಯ ಇನ್ನೂ ಜಾಸ್ತಿಯಂತೆ. ನನ್ನ ಮಾತು ಅವಳಿಗೆ ಕೋಣನ ಮುಂದೆ ಕಿನ್ನರಿ. ನೀನಾದ್ರೆ ಬೈತೀಯ. ಕಿವಿ ಹಿಂಡಿ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗ್ತೀಯಾ?"