ಒಂದು ಹಗೇವು, ಎರಡು ಇಂಗ್ಲಿಷ್ ಶಬ್ದ

ನನ್ನ ಮೈದುನ ಇಂಗ್ಲಿಷ್ ಕಲಿಸುವಾಗ ಬೆತ್ತ ಹಿಡಿಯುತ್ತಿರಲಿಲ್ಲ, ಬಾಯಿಯನ್ನೂ ಮಾಡುತ್ತಿರಲಿಲ್ಲ. ನನ್ನ ಉತ್ತರ ತಪ್ಪಾದರೆ ಪಕ್ಕದಲ್ಲಿದ್ದ ಹಿತ್ತಾಳೆ ತಂಬಿಗೆಯ ಮೇಲೆ ಬೆರಳಿನಿಂದ ಎರಡು ಸಲ ಬಡಿಯುತ್ತಿದ್ದ. ಟಣ್, ಟಣ್. ಆಮೇಲೆ ಸರಿಯುತ್ತರ ಬರುವ ತನಕ ನನ್ನ ಮುಖವನ್ನೇ ನೋಡುತ್ತ ಕೂಡುತ್ತಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ನನ್ನ ಬಾಯಿಯೇನೂ ಕಡಿಮೆಯದಲ್ಲ. ಆ ಸಪ್ಪಳಕ್ಕೆ ಮಾತ್ರ ನನ್ನ ಹತ್ತಿರ ಮಾತು ಇರುತ್ತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮದು ಸಿಂದಗಿಗೂ ಬಸವನ ಬಾಗೇವಾಡಿಗೂ ನಡುವಿನ, ಡ್ರೈವರನಿಗೆ ಮನಸ್ಸು ಬಂದರೆ ಮಾತ್ರ ಬಸ್ಸು ನಿಲ್ಲುವ ಊರು. ನನ್ನ ಯಜಮಾನರಿಗೆ ಇಂಡಿ ಪಟ್ಟಣದಲ್ಲಿ ಸರಕಾರಿ ನೌಕರಿ. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುವವರು. ಅವರ ತಮ್ಮ, ಅಂದರೆ ಈ ಮೈದುನ, ಬಾಗೇವಾಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಸೂಟಿ ಬಿದ್ದಾಗಲೆಲ್ಲ ಊರಿಗೆ ಬಂದು ನನಗೆ ಮ್ಯಾಟ್ರಿಕ್ ಪರೀಕ್ಷೆಗೆ ಪಾಠ ಹೇಳುತ್ತಿದ್ದ. ಸೊಸೆ ಓದುವುದೆಂದರೆ ಊರಲ್ಲಿ ನಗುವವರಿದ್ದರು. ನಮ್ಮ ಅತ್ತೆಯವರು ಮಾತ್ರ, "ಕಲಿ ಯವ್ವಾ, ರೊಟ್ಟಿ ಬಡಿಯೂದು ಎಲ್ಲಿ ಓಡಿ ಹೋಗತೈತಿ?" ಎಂದು ತಾವೇ ಒಲೆಯ ಮುಂದೆ ಕೂತುಬಿಡುತ್ತಿದ್ದರು.

ಆ ದಸರೆಯ ಸೂಟಿಯಲ್ಲಿ ನಾವು ಜಗಳಾಡಿದ್ದು ಎರಡು ಶಬ್ದಗಳಿಗಾಗಿ: ಡ್ಯಾಮೇಜ್ ಮತ್ತು ಸ್ಪಾಯ್ಲ್. ಗೈಡಿನಲ್ಲಿ ಎರಡಕ್ಕೂ 'ಕೆಡಿಸು' ಎಂದೇ ಬರೆದಿತ್ತು. ಕನ್ನಡದಲ್ಲಿ ಹಾಲೂ ಕೆಡುತ್ತದೆ, ಗಡಿಯಾರವೂ ಕೆಡುತ್ತದೆ, ಮನೆಯ ಮಗನೂ ಕೆಡುತ್ತಾನೆ. ನಮಗೆ ಒಂದೇ ಶಬ್ದದಲ್ಲಿ ನಡೆಯುವ ಸಂಸಾರಕ್ಕೆ ಅವರಿಗೆ ಎರಡು ಯಾಕೆ ಬೇಕಾಯಿತೆಂದು ನನಗೆ ಸಿಟ್ಟು ಬಂದಿತ್ತು. ಎರಡೂ ಒಂದೇ ಎಂದೆ. ಟಣ್, ಟಣ್.

"ಒಂದ ಅಲ್ರಿ ವೈನಿ," ಎಂದ ಮೈದುನ. "ತಾಮ್ರದ ಕೊಡಾ ಬಿದ್ದು ನೆಗ್ಗಿತು ಅಂದ್ರ ಅದು ಡ್ಯಾಮೇಜ್. ಕಂಚಗಾರನ ಕಡೆ ಒಯ್ದರ ನೆಟ್ಟಗ ಆಗತೈತಿ. ಅದ ಕೊಡದಾಗ ಹಾಲು ಇತ್ತು, ಒಡೀತು ಅಂದ್ರ ಅದು ಸ್ಪಾಯ್ಲ್. ಅದನ್ನ ಯಾರೂ ನೆಟ್ಟಗ ಮಾಡಾಕ ಬರೂದಿಲ್ಲ."

"ಯಾಕ ಬರೂದಿಲ್ಲ? ಹ್ವಾದ ವಾರ ಒಡದ ಹಾಲಿಗೆ ಸಕ್ಕರಿ ಹಾಕಿ ಕುದಿಸಿ ಕೊಟ್ಟರ ಬಟ್ಟಲಾ ನೆಕ್ಕಿದ್ರಿ, ಮಾಸ್ತರ."

"ನೆಕ್ಕಿದ್ನಿ. ಹಾಲು ತಿರುಗಿ ಬಂತೇನು?"

ಒಲೆಯ ಮುಂದಿದ್ದ ಅತ್ತೆ ನಕ್ಕರು. ಅವರಿಗೆ ಕೊಡದ ಮಾತು ಹಿಡಿಸಿತ್ತು. ಎರಡು ದಿನ ಮನೆಯಲ್ಲಿ ಏನು ಒಡೆದರೂ ಹರಿದರೂ, "ಡ್ಯಾಮೇಜ್ ಆಗೇತಿ, ಕಂಚಗಾರನ್ನ ಕರೀರಿ," ಎಂದು ನಮ್ಮಿಬ್ಬರನ್ನೂ ಚುಡಾಯಿಸಿದರು. ಇನ್ನೊಂದು ಶಬ್ದ ಅವರ ನಾಲಿಗೆಗೆ ಹೊಂದಲಿಲ್ಲ, ಬಿಟ್ಟುಬಿಟ್ಟರು.

ಆ ವರ್ಷ ಹಸ್ತ ಮಳೆ ಬಿಡದೆ ಹಿಡಿದಿತ್ತು. ನಮ್ಮ ಕಡೆ ಮಳೆಗಾಗಿ ಮುಗಿಲು ನೋಡುವುದೇ ರೂಢಿ. ಸಾಕು ಎಂದು ಮುಗಿಲು ನೋಡಿದ್ದು ನನಗೆ ನೆನಪಿರುವುದು ಅದೊಂದೇ ಸಲ. ನಮ್ಮ ಅಂಗಳದ ಬೇವಿನ ಗಿಡದ ಪಕ್ಕ ಮನೆಯ ಹಗೇವು ಇತ್ತು. ನೆಲದೊಳಗೆ ಗುಡಾಣದ ಆಕಾರಕ್ಕೆ ತೋಡಿದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಹೊಟ್ಟೆ ದೊಡ್ಡದು. ಸುತ್ತಲೂ ಜೋಳದ ಒಣ ದಂಟಿನ ಕಣಕಿ ಒತ್ತಿ, ಬಿಳಿಜೋಳ ತುಂಬಿ, ಹೊಟ್ಟು ಹಾಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಮನೆಯ ಊಟ, ಬಿತ್ತುವ ಬೀಜ, ಎಲ್ಲ ಅದರಲ್ಲೇ. ಅಂಗಳ ಹಾಯುವಾಗಲೆಲ್ಲ ಕಾಲ ಕೆಳಗೆ ಅದು ಗಟ್ಟಿಯಾಗಿದೆ ಎಂಬ ಭರವಸೆಯ ಮೇಲೆಯೇ ನಾವು ನಡೆದಾಡುತ್ತಿದ್ದೆವು.

ಮೊದಲು ವಾಸನೆ ಬಂದಿತು. ಹುಳಿಯೂ ಅಲ್ಲ, ಕೊಳೆತದ್ದೂ ಅಲ್ಲ. ಒದ್ದೆ ಅರಿವೆಯನ್ನು ಸಂದೂಕದಲ್ಲಿಟ್ಟು ಮರೆತರೆ ಬರುವಂಥ ಮುಗ್ಗಲು ವಾಸನೆ. ಅಂಗಳ ಗುಡಿಸುವಾಗ ಬರುವುದು, ಮೂಸುತ್ತ ಹುಡುಕಿದರೆ ಇಲ್ಲ. ಆಮೇಲೆ ಚಪ್ಪಡಿಯ ಸುತ್ತಲಿನ ಮಣ್ಣು ಒಂದು ಕಡೆ ಸ್ವಲ್ಪ ಕುಸಿದದ್ದು ಕಂಡಿತು. ನಮ್ಮ ಆಕಳು ಆ ಜಾಗ ಬಳಸಿ ಹೋಗತೊಡಗಿತು. ನಾನು ಹೇಳಿದೆ. ಮಾವನವರು ಕೇಳಿಸಿಕೊಳ್ಳಲಿಲ್ಲ.

ಅವರದೂ ತಪ್ಪಲ್ಲ. ಹಗೇವು ಒಮ್ಮೆ ತೆಗೆದರೆ ಪೂರ್ತಿ ತೆಗೆಯಬೇಕು. ಗಾಳಿ ತಾಗಿದ ಜೋಳ ಮತ್ತೆ ನೆಲದೊಳಗೆ ನಿಲ್ಲುವುದಿಲ್ಲ. ಒಳಗೆ ಎಲ್ಲ ಚೆನ್ನಾಗಿದ್ದರೆ ನೋಡುವ ಆತುರಕ್ಕೇ ಅದನ್ನು ಕೆಡಿಸಿದಂತೆ. ನೋಡದೇ ಬಿಟ್ಟರೆ, ನೀರು ಹೋಗಿದ್ದರೆ, ದಿನ ಕಳೆದಂತೆ ಅದು ಒಳಗೊಳಗೇ ಹಬ್ಬುತ್ತದೆ. ಮಾವನವರು ಬೇವಿನ ಕೆಳಗೆ ಕೂತು ನೆಲ ನೋಡುತ್ತಿದ್ದರು, ಏಳುತ್ತಿದ್ದರು, ಮತ್ತೆ ಕೂಡುತ್ತಿದ್ದರು. ಕೊನೆಗೆ ಮಳೆ ಒಂದು ದಿನ ಬಿಡುವು ಕೊಟ್ಟಾಗ, "ತೆಗೀರಿ," ಎಂದರು.

ಬೆಳಿಗ್ಗೆ ಚಪ್ಪಡಿ ಸರಿಸಿದರು. ಬಾಯಿಂದ ಬಿಸಿ ಝಳ ಎದ್ದು ಬಂದಿತು. ಎಲ್ಲರೂ ಹಿಂದೆ ಸರಿದರು. ಹಗೇವಿನ ಉಸಿರು ಕಟ್ಟಿಸುವ ಕೆಟ್ಟ ಗಾಳಿ ಎಂಥದೆಂದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಹೇಳಿಕೊಟ್ಟಿರುತ್ತಾರೆ. ಬಾಯಿ ತೆಗೆದು ಒಂದು ಹಗಲು, ಒಂದು ರಾತ್ರಿ ಬಿಡಬೇಕು, ಕಂದೀಲು ಇಳಿಬಿಟ್ಟು ನೋಡಬೇಕು, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು, ಅದೂ ನಡುವಿಗೆ ಹಗ್ಗ ಕಟ್ಟಿಕೊಂಡು. ಆದರೆ ಸಿಂದಗಿಯ ದಿಕ್ಕಿಗೆ ಮತ್ತೆ ಮೋಡ ಕಟ್ಟುತ್ತಿತ್ತು. ತೆರೆದ ಹಗೇವಿನಲ್ಲಿ ಮಳೆ ಬಿದ್ದರೆ ಮುಗಿದೇ ಹೋಯಿತು. ಮಾವನವರು ಹೊತ್ತು ಏರುವವರೆಗೆ ಕಾದು ಕಂದೀಲು ಇಳಿಸಿದರು. ದೀಪ ಅಲುಗದೆ ಉರಿಯಿತು.

ಇಬ್ಬರು ಆಳುಗಳು ಇಳಿದರು. ಬುಟ್ಟಿ ಮೇಲೆ ಬಂದಂತೆ ನಾವು ಚಾಪೆಯ ಮೇಲೆ ಸುರುವುತ್ತಿದ್ದೆವು. ಮೇಲಿನ ಜೋಳ ಮುತ್ತಿನಂತೆ ಇತ್ತು. ಅತ್ತೆ ಒಂದು ಹಿಡಿ ಬಾಯಿಗೆ ಹಾಕಿ ಕಡಿದು, ನೆಟ್ಟಗಿದೆ ಎಂದು ಕಣ್ಣಲ್ಲೇ ಹೇಳಿದರು. ನಡುಮಟ್ಟಕ್ಕೆ ಬಂದಾಗ ಗೋಡೆಯ ಮಗ್ಗುಲಿನ ಕಾಳು ಕಪ್ಪಾಗಿ, ಅಂಟಿಕೊಂಡು, ಮುಟ್ಟಿದರೆ ಬೆಚ್ಚಗಿದ್ದವು. ಅಷ್ಟೊತ್ತಿಗೆ ಹನಿ ಬಿದ್ದಿತು. ಬಾಯಿಗೆ ತಾಡಪತ್ರಿ ಎಳೆದು, ಅಂಚಿಗೆ ಕಲ್ಲು ಹೇರಿ, ಆಳುಗಳು ಊಟಕ್ಕೆ ಹೋದರು. ನಾವೂ ಉಂಡೆವು. ಮಾವನವರು ಅರ್ಧಕ್ಕೇ ಎದ್ದರು.

ಹನಿ ನಿಂತಿತು, ಆಳುಗಳು ಇನ್ನೂ ಬಂದಿರಲಿಲ್ಲ. ಮೈದುನ ತಾಡಪತ್ರಿ ಸರಿಸಿ, ಧೋತರ ಎತ್ತಿ ಕಟ್ಟಿ, ಹಗ್ಗದ ಒಂದು ತುದಿ ಬೇವಿಗೆ, ಇನ್ನೊಂದು ತನ್ನ ನಡುವಿಗೆ ಬಿಗಿದುಕೊಂಡ. ಕಂದೀಲು ಕಟ್ಟೆಯ ಮೇಲೇ ಇತ್ತು. ಬೆಳಿಗ್ಗೆ ನೋಡಿಯಾಗಿತ್ತಲ್ಲ! ಆಳುಗಳು ಅಷ್ಟು ಹೊತ್ತು ಒಳಗೆ ಕೂತು ಹಾಡಿಕೊಂಡು ಜೋಳ ತೋಡಿದ್ದರಲ್ಲ! ಬೆಚ್ಚಗಿನ ಒದ್ದೆ ಕಾಳು ಮುಚ್ಚಿದ ಬಾಯಿಯೊಳಗೆ ಮತ್ತೆ ಕೆಟ್ಟ ಉಸಿರು ಬಿಡುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಒಮ್ಮೆ ಉರಿದ ದೀಪವನ್ನು ನಾವೆಲ್ಲ ನಂಬಿದ್ದೆವು.

"ಡ್ಯಾಮೇಜ್ ಎಷ್ಟು, ಸ್ಪಾಯ್ಲ್ ಎಷ್ಟು, ನೋಡಿ ಬರ್ತೇನ್ರಿ ವೈನಿ," ಎಂದು ನಕ್ಕು ಇಳಿದ.

ನಾನು ಹಗೇವಿನ ಬಾಯಿಯ ಹತ್ತಿರ ಬುಟ್ಟಿ ಹಿಡಿದು ನಿಂತೆ. ಒಳಗೆ ಕಾಳು ಜಾರಿದ ಸಪ್ಪಳ ಕೇಳಿತು, ಆಮೇಲೆ ಅದೂ ನಿಂತಿತು.

"ಎಷ್ಟರಿ ಮಾಸ್ತರ?" ಎಂದೆ.

ಉತ್ತರವಿಲ್ಲ. ಚೇಷ್ಟೆ ಅವನ ಸ್ವಭಾವ. ಇನ್ನೊಮ್ಮೆ ಕರೆದು, ಸಾಕು ನಿಮ್ಮ ನಾಟಕ ಎಂದು ಬೈದೆ. ಬೈಯುತ್ತಿರುವಾಗಲೇ ಬೇವಿಗೆ ಕಟ್ಟಿದ ಹಗ್ಗ ಬಿಗಿದು ನಿಂತಿದ್ದು ಕಂಡಿತು. ನಾನೂ ಮಾವನವರೂ ಹಗ್ಗ ಹಿಡಿದು ಜಗ್ಗಿದೆವು. ಅತ್ತೆಯ ಕೂಗಿಗೆ ಆಳುಗಳು ಉಂಡ ಕೈಯಲ್ಲೇ ಓಡಿ ಬಂದರು. ಮೇಲೆ ಬಂದಾಗ ಅವನ ತುಟಿ ನೇರಳೆ ಹಣ್ಣು ತಿಂದಂತೆ ಕಪ್ಪಾಗಿದ್ದವು, ಮುಷ್ಟಿಯಲ್ಲಿ ಒದ್ದೆ ಜೋಳ ಇತ್ತು. ಉಸಿರು ಇತ್ತು.

ಅಡತಿ ವ್ಯಾಪಾರಿಯ ಮಾಲು ಹೇರಿಕೊಂಡು ಹೊರಟ ಲಾರಿಯಲ್ಲಿ ಬಿಜಾಪುರಕ್ಕೆ ಒಯ್ದೆವು. ಅವನು ಕಣ್ಣು ತೆರೆದದ್ದು ಬಹಳ ದಿನಗಳ ಮೇಲೆ. ತೆರೆದ ಕಣ್ಣಲ್ಲಿ ನಾವು ಯಾರೂ ಇರಲಿಲ್ಲ. ಡಾಕ್ಟರು ಯಜಮಾನರಿಗೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಹಾಸಿಗೆಯ ಬದಿಗೆ ಕೂತಿದ್ದ ಅತ್ತೆಗೆ ಅದರಲ್ಲಿ ಒಂದೇ ಶಬ್ದ ತಿಳಿಯಿತು. ತಟ್ಟನೆ ತಲೆಯೆತ್ತಿ ನನ್ನ ಸೆರಗು ಹಿಡಿದರು.

"ಡ್ಯಾಮೇಜ್ ಅಂದ್ರಲ್ಲ ಡಾಕ್ಟರು? ಕೊಡದ ಮಾತ ಅಲ್ಲೇನು ಅದು?"

"ಹೌದ್ರಿ ಅತ್ತಿ."

"ಹಂಗಾರ ನೆಟ್ಟಗ ಆಗತೈತಿ."

"ಆಗತೈತ್ರಿ," ಎಂದೆ. ಅವನೇ ಕಲಿಸಿದ್ದನ್ನು ಅವನ ತಾಯಿಗೆ ಒಪ್ಪಿಸಿದೆ. ಹಾಗೆ ಯಾಕೆ ಅಂದೆ ಎಂದು ಈಗಲೂ ಯಾರಾದರೂ ಕೇಳಿದರೆ, ಅವನೇ ಕಲಿಸಿದ್ದು ಎಂದೇ ಹೇಳುತ್ತೇನೆ.

ಆ ಒಂದು ಶಬ್ದದ ಮೇಲೆ ನಮ್ಮ ಮನೆ ನಿಂತಿತು. ಹಗೇವಿಗೆ ಮಾವನವರು ಕಲ್ಲು ಮಣ್ಣು ತುಂಬಿಸಿದರು, ಆದರೂ ಮಳೆಗಾಲದಲ್ಲಿ ಆ ವಾಸನೆ ಬರುತ್ತಿತ್ತು. ಮೈದುನ ನಡೆದಾಡಿದ, ಉಣಿಸಿದರೆ ಉಂಡ, ಪಡಸಾಲೆಯ ಕಂಬಕ್ಕೆ ಒರಗಿ ಅಂಗಳ ನೋಡುತ್ತ ಕೂತ. ಮಾತು ಮಾತ್ರ ಬರಲಿಲ್ಲ. ಅತ್ತೆ ಎಣ್ಣೆ ತಿಕ್ಕಿದರು, ಹರಕೆ ಹೊತ್ತರು, ಮುದ್ದೇಬಿಹಾಳದ ಕಡೆಯ ಒಬ್ಬ ವೈದ್ಯನ ಬೇರು ತಂದು ಅರೆದರು. ಬಂದವರಿಗೆಲ್ಲ, "ಡ್ಯಾಮೇಜ್ ಆಗೇತಿ ಅಷ್ಟ," ಎನ್ನುತ್ತಿದ್ದರು, ಕೊಡ ಕಂಚಗಾರನ ಅಂಗಡಿಯಲ್ಲಿದೆ ಎನ್ನುವ ಧಾಟಿಯಲ್ಲಿ. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ನಾನು ಮ್ಯಾಟ್ರಿಕ್ ಪಾಸಾದೆ. ಎರಡು ಮೂರು ಸುಗ್ಗಿ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆಯೂ ನಾನೂ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆವು. ಕಂಬಕ್ಕೆ ಒರಗಿ ಮೈದುನ ಕೂತಿದ್ದ, ಪಕ್ಕದಲ್ಲಿ ಅವನ ನೀರಿನ ತಂಬಿಗೆ. ಅತ್ತೆ ಒಂದು ಕಪ್ಪು ಕಾಳು ಆರಿಸಿ, ಮೂಸಿ, ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡರು.

"ಯವ್ವಾ, ಆವಾಗ ನೀವಿಬ್ಬರೂ ಇನ್ನೊಂದು ಶಬ್ದ ಅಂತಿದ್ದಿರಲ್ಲ. ಹಾಲು ಒಡದದ್ದು. ಅದು ಏನಿತ್ತು?"

ಇಷ್ಟು ವರ್ಷ ಅವರು ಕೇಳಬಾರದೆಂದು ನಾನು ಹೆದರಿಕೊಂಡಿದ್ದು ಇದೊಂದನ್ನೇ. ನಾನು ಮೊರದಿಂದ ಕಣ್ಣೆತ್ತಲಿಲ್ಲ.

"ಅದೇನು ಬ್ಯಾರೆ ಅಲ್ರಿ ಅತ್ತಿ," ಎಂದೆ. "ಎರಡೂ ಒಂದ."

ಟಣ್, ಟಣ್.

ಕಣ್ಣೆತ್ತಿ ಕಂಬದ ಕಡೆ ನೋಡಿದೆ. ಅವನ ಬೆರಳು ಇನ್ನೂ ತಂಬಿಗೆಯ ಮೇಲೇ ಇತ್ತು. ಹಾಗಾದರೆ ಇವನು ಕೇಳುತ್ತಿದ್ದ. ದವಾಖಾನೆಯಿಂದ ಹಿಡಿದು ಇವತ್ತಿನವರೆಗೆ ನಾವು ಅವನೆದುರು ಆಡಿದ್ದೆಲ್ಲವನ್ನೂ, ಆ ಕತ್ತಲೆಯ ತಳದಲ್ಲಿ ಕೂತು, ಕೇಳುತ್ತಲೇ ಇದ್ದ.

ಅತ್ತೆ ಮೊರ ಬದಿಗಿಟ್ಟರು. "ನೀರು ಬೇಕಂತ ಕಾಣತೈತಿ, ತುಂಬಿ ಕೊಡು," ಎಂದರು.

ನಾನು ತಂಬಿಗೆ ತುಂಬಿ ತಂದು ಅವನ ಮುಂದಿಟ್ಟೆ. ಅವನು ಕುಡಿಯಲಿಲ್ಲ. ಸರಿಯುತ್ತರ ಬರುವ ತನಕ ನೋಡುವಂತೆ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದ.