ಹಿಂದಿನ ಜೋಡಿ

ನಾಲ್ಕು ಮಂದಿ ಗಂಡಸರು ಬಾಗಿಲು ಹಾಕಿಕೊಂಡು ಹಾಡುತ್ತಾರೆಂದರೆ ಅದರಲ್ಲೇನೋ ಕಳ್ಳತನ ಇದೆ ಎಂದು ಓದುವವರಿಗೆ ಅನ್ನಿಸಬಹುದು. ಇತ್ತು ಕೂಡ. ಆದರೆ ಕಳ್ಳ ಯಾರೆಂದು ತಿಳಿಯುವಷ್ಟರಲ್ಲಿ ಸುಮಾರು ಒಂದು ವರ್ಷ ಕಳೆಯಿತು. ಅಲ್ಲಿಯವರೆಗೆ ಊರಿನ ಕಣ್ಣಲ್ಲಿ ಕಳ್ಳ ನಾನೇ.

ಕಲ್ಮಲದಲ್ಲಿ ನಮ್ಮದೊಂದು ರಿವಾಯತ ಪದದ ಮೇಳ. ಮೊಹರಂ ಬಂದರೆ ಬೆಂಕಿ ಉರಿಯುವ ಅಲಾಯಿ ಕುಣಿಯ ಮುಂದೆ ನಿಂತು ಕರ್ಬಲದ ಕಥೆ ಹಾಡುತ್ತಿದ್ದೆವು. ವಾದ್ಯ ಇಲ್ಲ, ನಾಲ್ಕು ಗಂಟಲು ಅಷ್ಟೆ. ಮುಂದಿನ ಜೋಡಿ ಸಾಲು ಎತ್ತಿ ಕೊಡಬೇಕು. ಅದು ಮುಗಿಯುವ ಮೊದಲೇ ಹಿಂದಿನ ಜೋಡಿ ಹಿಡಿಯಬೇಕು. ನಡುವೆ ಉಸಿರು ಕೇಳಿಸಿತೋ ಮೇಳದ ಮರ್ಯಾದೆ ಹೋಯಿತು. ಮುಂದಿನ ಜೋಡಿ ಎಂದರೆ ಪದ ಕಟ್ಟುವ ಉಸ್ತಾದ ಮತ್ತು ಅವನ ತಮ್ಮ, ಇಬ್ಬರೂ ಗೌಂಡಿ ಕೆಲಸದವರು. ಹಿಂದಿನ ಜೋಡಿಯಲ್ಲಿ ಎತ್ತಿನ ಗಾಡಿ ಹೊಡೆಯುವವನೊಬ್ಬ, ಸೈಕಲ್ ರಿಪೇರಿ ಮಾಡುವ ನಾನೊಬ್ಬ. ಉಸ್ತಾದ ನನಗಿಂತ ಬಹಳ ದೊಡ್ಡವನು, ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಹೆಸರು ಓಣಿ ದಾಟಿತು. ಮೊದಲು ದೇವದುರ್ಗದವರು ಕರೆದರು, ಆಮೇಲೆ ಮಾನ್ವಿಯವರು. ಒಂದೇ ತಾನಿನ ಬಟ್ಟೆಯಲ್ಲಿ ನಾಲ್ಕು ಅಂಗಿ ಹೊಲಿಸಿಕೊಂಡೆವು. ಶಕ್ತಿನಗರದಲ್ಲಿ ಕಾಲೋನಿ ಕಟ್ಟುವ ಕೆಲಸಕ್ಕೆ ಹೋಗಿದ್ದ ಉಸ್ತಾದ ಅಲ್ಲಿಯೂ ಒಂದು ಸಂಜೆ ಹಾಡಿಸಿದ. ಇಂಜಿನಿಯರುಗಳು ಕುರ್ಚಿ ಹಾಕಿಕೊಂಡು ಕೂತು ಕೇಳಿದರು. ನನಗೆ ಆ ದಿನಗಳಲ್ಲಿ ಸೈಕಲ್ಲಿನ ಪಂಕ್ಚರ್ ತೆಗೆಯುವಾಗಲೂ ನಗು ಬರುತ್ತಿತ್ತು, ಅಷ್ಟು ಸುಖ.

ನಮ್ಮ ಬಲವೆಲ್ಲ ಹೊಸ ಧಾಟಿಯಲ್ಲಿತ್ತು. ಕೊನೆಯ ದಿನ ಅಲಾಯಿ ದೇವರು ಹೊಳೆಗೆ ಹೋಗುವಾಗ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕುತ್ತದೆ, ಇನ್ನೊಂದು ಅದೇ ಧಾಟಿಯಲ್ಲಿ ಜವಾಬು ಕೊಡಬೇಕು. ಕೇಳಿರದ ಧಾಟಿಯಾದರೆ ಎಂಥವರೂ ತಡವರಿಸುತ್ತಾರೆ. ಅದಕ್ಕೇ ನಾವು ಉಸ್ತಾದನ ಮನೆಯ ಪಡಸಾಲೆಯಲ್ಲಿ ಬಾಗಿಲಿಗೆ ಅಗಳಿ ಹಾಕಿ ಕಲಿಯುತ್ತಿದ್ದೆವು. ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತ ಮುದುಕರನ್ನೂ ಉಸ್ತಾದ ಎಬ್ಬಿಸಿ ಕಳಿಸುತ್ತಿದ್ದ.

ಆ ವರ್ಷ ಎದುರಿಗೆ ಕಲ್ಲೂರಿನ ಮೇಳ ಬಂದಿತ್ತು. ನಾವು ಹೊಸ ಧಾಟಿ ಎತ್ತಿದೆವು. ಅವರು ತಡವರಿಸಲಿಲ್ಲ. ತಮ್ಮ ಮನೆಯದೇ ಧಾಟಿ ಎಂಬಂತೆ ಜವಾಬು ಹಾಡಿಬಿಟ್ಟರು. ಜನ ಶಿಳ್ಳೆ ಹಾಕಿದರು. ಉಸ್ತಾದ ತಿರುಗಿ ನೋಡಿದ್ದು ನನ್ನ ಕಡೆಗೆ. ನನ್ನ ಹೆಂಡತಿಯ ತವರು ಕಲ್ಲೂರು.

ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಅದೇ ಕೆಟ್ಟದ್ದು. ನಾನು ಪಡಸಾಲೆಗೆ ಹೋದರೆ ಹಾಡು ನಿಂತು ಕೆಮ್ಮು ಶುರುವಾಗುತ್ತಿತ್ತು. ಕೊನೆಯ ನುಡಿ ನನ್ನೆದುರು ಹಾಡುತ್ತಿರಲಿಲ್ಲ. ಮಾವ ಊರಿಗೆ ಬಂದರೆ ಅವನ ಕೈಚೀಲವನ್ನೂ ಓಣಿಯವರು ಓರೆಗಣ್ಣಲ್ಲಿ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗಬಾರದೆಂದು ನಾನೂ ಸುಮ್ಮನಿದ್ದೆ. ಆದರೆ ಒಳಗೆ ನನ್ನದೂ ಒಂದು ವಿಚಾರಣೆ ನಡೆದೇ ಇತ್ತು. ಗಾಡಿಯವನು ಮಾನ್ವಿ ಸಂತೆಗೆ ಹೋಗುತ್ತಾನೆ, ಅವನೇ ಇರಬೇಕು. ಉಸ್ತಾದನ ತಮ್ಮನಿಗೆ ಕುಡಿದರೆ ನಾಲಿಗೆ ನಿಲ್ಲುವುದಿಲ್ಲ, ಅವನೇ ಇರಬೇಕು. ಹೋಟೆಲಿನಲ್ಲಿ ಯಾರಾದರೂ ನಮ್ಮ ಹಾಡು ಗುನುಗಿದರೆ ಚಹಾ ಬಿಟ್ಟು ಅವರ ಮುಖ ನೋಡುತ್ತಿದ್ದೆ. ಒಂದು ದಿನ ಹೆಂಡತಿಯನ್ನೂ ಕೇಳಿದೆ.

“ನಮ್ಮ ಧಾಟಿ ಕಲ್ಲೂರಿನ ಗಂಡಸ್ರಿಗೆ ನೀ ಏನರ ಹೇಳಿಯೇನು?”

“ನಾ ಯಾಕ ಹೇಳ್ಲಿ. ತವರಿಗಿ ಹೋಗಿ ವರ್ಷ ಆತು,” ಎಂದಳು. ನಾಲ್ಕು ದಿನ ನನ್ನ ಮುಂದೆ ತಾಟು ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಅಷ್ಟರಲ್ಲಿ ರಾಯಚೂರಿನಿಂದ ಕರೆ ಬಂತು. ದಸರಾ ಆದ ಮೇಲೆ ಒಂದು ಶಾಲೆಯ ಮೈದಾನದಲ್ಲಿ ಜನಪದ ಕಾರ್ಯಕ್ರಮ, ದೊಡ್ಡ ಪೆಂಡಾಲು, ನಾಲ್ಕು ಮೈಕು. ಅಂಥದ್ದು ನಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಉಸ್ತಾದ ಅದಕ್ಕೆಂದೇ ಹೊಸ ಧಾಟಿಯೊಂದನ್ನು ತಂದ. ಎರಡು ಸಂಜೆ ಕಲಿತೆ. ಮೂರನೆಯ ಸಂಜೆ ಅವನು ಬಾಗಿಲಲ್ಲೇ ತಡೆದ.

“ಕಳ್ಳ ಸಿಗೋತನಕ ನೀ ಬರಬ್ಯಾಡಪ್ಪ.”

“ನಾನ ಅಂತ ಯಾರ ಹೇಳಿದ್ರೀ?”

“ನೀ ಅಲ್ಲ ಅಂತನೂ ಯಾರೂ ಹೇಳವಲ್ಲರು,” ಎಂದು ಅಗಳಿ ಹಾಕಿಕೊಂಡ. ಆ ಸದ್ದಿಗೆ ಕಣ್ಣಲ್ಲಿ ನೀರು ಬಂತು. ಹಾಡಲ್ಲದೆ ಬೇರೇನೂ ನನಗೆ ಬರುತ್ತಿರಲಿಲ್ಲ. ಪಂಕ್ಚರ್ ಯಾರು ಬೇಕಾದರೂ ತೆಗೆಯುತ್ತಾರೆ.

ಶ್ರಾವಣದಲ್ಲಿ ಮಾನ್ವಿಗೆ ಹೊರಟಿದ್ದೆ. ಕಲ್ಲೂರಿನ ಈಚೆಗೆ ಬಸ್ಸು ಕೆಟ್ಟು ನಿಂತಿತು. ಇಳಿದು ಬೇವಿನ ನೆರಳಿಗೆ ಹೋದೆ. ಪಕ್ಕದ ಹತ್ತಿ ಹೊಲದಲ್ಲಿ ಹೆಣ್ಣುಮಕ್ಕಳು ಸಾಲು ಹಿಡಿದು ಕಳೆ ತೆಗೆಯುತ್ತ ಹಾಡುತ್ತಿದ್ದರು. ಮಾತು ಅತ್ತೆ-ಸೊಸೆಯ ಜಗಳದ್ದು. ಧಾಟಿ ಮಾತ್ರ ನಮ್ಮದು, ರಾಯಚೂರಿಗೆಂದು ಎರಡು ಸಂಜೆ ಕಲಿತದ್ದು. ಇಬ್ಬರು ಎತ್ತುತ್ತಿದ್ದರು, ಉಳಿದವರು ಹಿಡಿಯುತ್ತಿದ್ದರು, ನಡುವೆ ಉಸಿರಿನ ಸುಳಿವೇ ಇಲ್ಲ. ಎತ್ತುವವರಲ್ಲಿ ಒಬ್ಬಳು ಉಸ್ತಾದನ ಹೆಂಡತಿ. ಹಿಡಿಯುವವರಲ್ಲಿ ನನ್ನ ಹೆಂಡತಿಯೂ ಇದ್ದಳು.

ದಿನಾ ಬೆಳಗ್ಗೆ ಟ್ರ್ಯಾಕ್ಟರ್ ಹತ್ತಿ ಕಳೆಗೆ ಹೋಗುವವಳು ಯಾರ ಹೊಲಕ್ಕೆ ಹೋಗುತ್ತಾಳೆಂದು ನಾನು ಕೇಳಿದವನಲ್ಲ. ಮನೆಗೆ ಬಂದ ಮೇಲೆ ಕೇಳಿದೆ.

“ಕಲ್ಲೂರಿನ ಹೆಣ್ಮಕ್ಕಳೂ ನಮ್ಮ ಜೊತಿಗೇ ಕೂಲಿಗೆ ಬರ್ತಾರ. ಉಸ್ತಾದರ ಮನಿ ಯಕ್ಕ ಎತ್ತತಾಳ, ಎಲ್ಲಾರೂ ಹಿಡೀತೀವಿ,” ಎಂದಳು.

“ಮತ್ತ ಅವತ್ತ ಯಾಕ ಹೇಳ್ಲಿಲ್ಲ?”

“ನೀವು ಗಂಡಸ್ರ ಸುದ್ದಿ ಕೇಳಿದ್ರಿ.”

ಎಲ್ಲ ಹೊಳೆಯಿತು. ಮುದುಕರನ್ನು ಎಬ್ಬಿಸಿ ಕಳಿಸಿದ್ದೆವು, ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುವವಳಿಗೂ ಕಿವಿ ಇದೆ ಎಂದು ಒಬ್ಬರಿಗೂ ಅನ್ನಿಸಿರಲಿಲ್ಲ. ಅವಳಿಂದ ಹೊಲಕ್ಕೆ, ಹೊಲದಿಂದ ಕಲ್ಲೂರಿನ ಒಲೆಗಳಿಗೆ, ಅಲ್ಲಿಂದ ಅವರ ಗಂಡಸರ ಕಿವಿಗೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ಓಡುತ್ತ ಹೋಗಿ ಉಸ್ತಾದನಿಗೆ ಹೇಳಿದೆ.

“ಕಳಿ ತೆಗ್ಯಾಕ ಹೋಗೋ ಹೆಣ್ಮಕ್ಕಳು ನಮ್ಮ ಧಾಟಿ ಹಾಡಾಕತ್ತಾರ್ರೀ. ನಾಳಿ ನನ್ನ ಜೊತಿ ಬರ್ರಿ, ಕೇಳಸ್ತೀನಿ.”

“ನನ್ನ ಹೇಣ್ತಿ ಹೆಸ್ರು ತರಬ್ಯಾಡ,” ಎಂದ ಉಸ್ತಾದ, ಕೆಳಗೆ ನೋಡುತ್ತ.

ನಾನು ಹೆಣ್ಣುಮಕ್ಕಳು ಅಂದಿದ್ದೆ. ಅವನ ಹೆಂಡತಿಯ ಮಾತನ್ನು ಇನ್ನೂ ಎತ್ತಿರಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತೇ ಎಂಬ ಅನುಮಾನ ಮುಳ್ಳಿನಂತೆ ಉಳಿಯಿತು. ಅವನು ಹೊಲಕ್ಕೆ ಬರಲಿಲ್ಲ. ನನ್ನ ಜಾಗಕ್ಕೆ ದೇವದುರ್ಗದ ಒಬ್ಬನನ್ನು ಕರೆತಂದ, ನನ್ನ ಅಂಗಿಯನ್ನೂ ಅವನಿಗೇ ಕೊಡಿಸಿದ.

ರಾಯಚೂರಿಗೆ ನಾನು ಕೇಳುಗನಾಗಿ ಹೋದೆ. ಹೆಂಡತಿ ಬಂದಳು, ಉಸ್ತಾದನ ಹೆಂಡತಿಯೂ ನಮ್ಮ ಜೊತೆಗೇ ಬಂದಳು. ಮೈದಾನ ತುಂಬಿತ್ತು. ಮುಂದಿನ ಜೋಡಿ ಚೆನ್ನಾಗಿಯೇ ಎತ್ತಿತು. ಆದರೆ ದೇವದುರ್ಗದವನು ಒಂದು ಸಾಲು ತಪ್ಪಿದ, ಮುಂದಿನದನ್ನೂ ತಪ್ಪಿದ, ಅವನ ಜೊತೆ ಗಾಡಿಯವನೂ ತಡವರಿಸಿದ. ಮೈಕಿನಲ್ಲಿ ಅವರ ಉಸಿರು ಇಡೀ ಪೆಂಡಾಲಿಗೆ ಕೇಳಿಸಿತು. ನನ್ನ ಗಂಟಲಿನವರೆಗೆ ಬಂದ ಸಾಲನ್ನು ಹಲ್ಲು ಕಚ್ಚಿ ತಡೆದೆ. ಆಗ ನನ್ನ ಪಕ್ಕದಿಂದ ಉಸ್ತಾದನ ಹೆಂಡತಿ ಆ ಸಾಲು ಹಿಡಿದಳು. ನನ್ನ ಹೆಂಡತಿ ಜೊತೆಗೂಡಿದಳು. ಹಿಂದೆ ಕೂತ ಯಾರೋ ಹೆಂಗಸರು, ಕಲ್ಲೂರಿನವರೇ ಇರಬೇಕು, ಅವರೂ ಹಿಡಿದರು. ಹಾಡು ಕೊನೆಯವರೆಗೂ ಹಾಗೆಯೇ ನಡೆಯಿತು, ಎತ್ತುವುದು ವೇದಿಕೆಯಿಂದ, ಹಿಡಿಯುವುದು ನೆಲದಿಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಉಸ್ತಾದ ಇಳಿದು ಬಂದವನೇ ನೆಟ್ಟಗೆ ನನ್ನ ಹತ್ತಿರ ಬಂದ. ಸುತ್ತ ಜನ ಇದ್ದರು.

“ಕಲ್ಲೂರಿಗಷ್ಟ ಕೊಟ್ಟಿ ಅಂದ್ಕೊಂಡಿದ್ದೆ. ನನ್ನ ಧಾಟಿ ಹೆಣ್ಮಕ್ಕಳಿಗೂ ಕಲಿಸಿದಿಯೇನು?”

ನಾನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ನಡುವೆ ಬಂದಳು. ದನಿ ಏರಿಸಲಿಲ್ಲ.

“ಅಂವ ಏನ್ ಕಲಿಸ್ತಾನ. ಇವು ನಾ ಹೊಲದಾಗ ಕಟ್ಟಿದ ಧಾಟಿ. ಒಲಿ ಮುಂದ ಹಾಡ್ಕೋತ ರೊಟ್ಟಿ ಬಡದೆ. ನೀ ಉಂಡಿ, ಕೇಳ್ದಿ, ಎದ್ದು ಹೋಗಿ ಪದ ಕೂಡಿಸಿದಿ. ಬಾಗಿಲು ಹಾಕೋತಿದ್ದಿಯಲ್ಲ, ಅದು ನನಗ ಅಂಜಿ ಅಂತ ತಿಳ್ಕೊಂಡಿದ್ದೆ.”

ನಾನು ಉಸ್ತಾದನ ಮುಖದಲ್ಲಿ ಬೆರಗು ಹುಡುಕಿದೆ. ಒಂದಿಷ್ಟಾದರೂ ಬೆರಗು ಕಂಡಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಇರಲಿಲ್ಲ. ಧಾಟಿ ಎಲ್ಲಿಂದ ಬಂತು, ಎಲ್ಲಿಂದ ಹೋಗಿರಬಹುದು, ಎರಡೂ ಅವನಿಗೆ ಮೊದಲಿನಿಂದ ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳುವ ಬದಲು ನನ್ನನ್ನು ಕಳ್ಳ ಮಾಡುವುದು ಅವನಿಗೆ ಸುಲಭವಾಗಿತ್ತು.

ಮರುದಿನ ತಮ್ಮನ ಕೈಲಿ ಹೇಳಿಕಳಿಸಿದ, ನನ್ನ ಜಾಗ ಹಾಗೇ ಇದೆ, ಬಾ ಎಂದು. ನಾನು ಹೋಗಲಿಲ್ಲ.